ಖಾಲಿ ಎಪ್ಪತ್ತೆರಡು ನಿಮಿಷ

ನವೆಂಬರ್ ೮, ಶನಿವಾರ

ಮಗಳ ಟೆನಿಸ್ಸಿಗೆ ಇಲ್ಲಿಯವರೆಗಿನ ಖರ್ಚು ಹೀಗಿದೆ. ವರ್ಷ ಆರು. ರ‍್ಯಾಕೆಟ್ ಹನ್ನೊಂದು, ಅದರಲ್ಲಿ ನೆಲಕ್ಕೆ ಬಡಿದು ಮುರಿದದ್ದು ಎರಡು, ಒಂದು ಮಗಳು, ಇನ್ನೊಂದು ನಾನು. ಶೂ ಇಪ್ಪತ್ತಮೂರು ಜೊತೆ. ತಪ್ಪಿಸಿಕೊಂಡ ಮದುವೆಗಳು ಒಂಬತ್ತು. ಒಂಬತ್ತರಲ್ಲಿ ಒಂದು ನನ್ನ ಸ್ವಂತ ತಂಗಿಯ ಮಗನದು, ಆಮೇಲೆ ತಂಗಿ ಫೋನ್ ಎತ್ತಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಗೋಡೆಗೆ ಚೆಂಡು ಹೊಡೆಸಿದ್ದಕ್ಕೆ ಶತ್ರುಗಳಾದವರು ನಾಲ್ಕು ಮನೆ. ರೂಪಾಯಿಯ ಲೆಕ್ಕ ಹೆಂಡತಿ ಉಮಾವತಿಯ ಹತ್ತಿರ ಇದೆ. ಅವಳು ತೋರಿಸುವುದಿಲ್ಲ, ನಾನು ಕೇಳುವುದಿಲ್ಲ. ಮೂವತ್ತು ವರ್ಷದ ಸಂಸಾರ ನಡೆಯುವುದು ಹೀಗೆಯೇ.

ಆದಾಯ: ರಾಜ್ಯದ ಹದಿನಾರರೊಳಗಿನ ಹುಡುಗಿಯರ ಪಟ್ಟಿಯಲ್ಲಿ ನನ್ನ ಮಗಳು ಮಾನಸಿ ನಲವತ್ತೊಂದನೆಯವಳು.

ಇದನ್ನು ಬರೆಯಬೇಕಾಗಿ ಬಂದದ್ದು ನಿನ್ನೆಯ ಊಟದಿಂದ. ಮಗಳ ಎರಡನೇ ಸರ್ವ್ ಬಗ್ಗೆ ನಾನು ನಾಲ್ಕೇ ಮಾತು ಹೇಳಿದ್ದು. ಉಮಾವತಿ ಸಾರಿನ ಸೌಟು ಪಾತ್ರೆಯಲ್ಲಿ ಬಿಟ್ಟು ಹೇಳಿದಳು: "ಇನ್ನು ಊಟಕ್ಕೆ ಕೂತಾಗ ಟೆನಿಸ್ ಮಾತು ಬೇಡ. ಹೇಳದಿದ್ರೆ ನಿಮ್ಮ ಹೊಟ್ಟೆ ಉಬ್ಬರಿಸ್ತದೆ ಅಂತಾದ್ರೆ ಪುಸ್ತಕದಲ್ಲಿ ಬರೀರಿ ಮಾರಾಯ್ರೆ. ಪುಸ್ತಕ ಎದ್ದು ಹೋಗುದಿಲ್ಲ." ನನ್ನ ಕ್ಯಾಂಟೀನಿನ ಹಳೆಯ ಆರ್ಡರ್ ಪುಸ್ತಕದಲ್ಲಿ ಅರ್ಧ ಖಾಲಿ ಉಳಿದಿತ್ತು. ತೆಗೆದೆ.

ವಿಷಯ ಇಷ್ಟು. ಮುಂಬೈ ಪಕ್ಕದ ಕೋಪರಖೈರಣೆಯ ಟೆನಿಸ್ ಕ್ಲಬ್ಬಿನವರು ಒಂದು ಹುಡುಗಿಯನ್ನು ಆರಿಸಿಕೊಂಡು ಒಂದು ವರ್ಷ ಕೋರ್ಟು, ಕೋಚು, ಹೊರಊರಿನ ಪ್ರಯಾಣ ಎಲ್ಲ ಪುಕ್ಕಟೆ ಕೊಡುತ್ತಾರಂತೆ. ಡಿಸೆಂಬರ್ ಏಳಕ್ಕೆ ಮುಗಿಯುವ ಟೂರ್ನಿಯನ್ನು ಗೆದ್ದವಳಿಗೆ ಅದು. ನಾನು ಮನೆಯಲ್ಲಿ ಹೇಳಿಬಿಟ್ಟಿದ್ದೇನೆ: ಸಿಕ್ಕಿದರೆ ಆಟ. ಸಿಗದಿದ್ದರೆ ರ‍್ಯಾಕೆಟ್ಟಿನ ಚೀಲ ಲಾಫ್ಟಿಗೆ, ಮಗಳು ಕಾಮರ್ಸಿಗೆ. ಮಾನಸಿ ಕೇಳಿಸಿಕೊಂಡಳು, ಎದ್ದು ತಟ್ಟೆ ತೊಳೆದಳು.

ಅಡ್ಡ ಬರುವವಳು ಒಬ್ಬಳೇ, ಪದ್ಮಾವತಿ. ಅದೇ ಕ್ಲಬ್ಬಿನಲ್ಲಿ ಮಣ್ಣಿನ ಕೋರ್ಟಿಗೆ ನೀರು ಹಾಕಿ ರೋಲರ್ ಎಳೆಯುವ ಮಾಪಣ್ಣನ ಮಗಳು. ಕಲಬುರಗಿ ಕಡೆಯವರು. ಅಪ್ಪ ಕೋರ್ಟು ಕಾಯುತ್ತಾನೆ, ಮಗಳು ಅದರ ಮೇಲೆಯೇ ಬೆಳೆದಿದ್ದಾಳೆ. ಇದಕ್ಕೆ ಬಡತನ ಅನ್ನುತ್ತಾರೆ. ನಾನು ಅನುಕೂಲ ಅನ್ನುತ್ತೇನೆ.

ನವೆಂಬರ್ ೧೧, ಮಂಗಳವಾರ

ಇವತ್ತು ಸ್ಟಾಪ್‌ವಾಚ್ ಹಿಡಿದು ಅಳೆದೆ. ಮಾನಸಿ ಆಡಿದ ಪಂದ್ಯ ತೊಂಬತ್ತು ನಿಮಿಷ. ಅದರಲ್ಲಿ ಚೆಂಡು ಓಡಾಡಿದ್ದು ಎಷ್ಟು ಹೊತ್ತು? ಹದಿನೆಂಟು ನಿಮಿಷ. ಎರಡು ಸಲ ಕೂಡಿಸಿದೆ. ಉಳಿದ ಎಪ್ಪತ್ತೆರಡು ನಿಮಿಷ ಏನು? ಚೆಂಡು ಹೆಕ್ಕುವುದು, ಬೆವರು ಒರೆಸುವುದು, ರ‍್ಯಾಕೆಟ್ಟಿನ ದಾರ ನೋಡುತ್ತ ನಿಲ್ಲುವುದು. ನನ್ನ ಕ್ಯಾಂಟೀನಿನಲ್ಲಿ ತೊಂಬತ್ತರಲ್ಲಿ ಎಪ್ಪತ್ತೆರಡು ನಿಮಿಷ ಒಲೆ ಖಾಲಿ ಉರಿದರೆ ಅಡುಗೆಯವನನ್ನು ಅದೇ ಸಂಜೆ ಟಿಟ್ವಾಳಾದ ಲೋಕಲ್ ರೈಲು ಹತ್ತಿಸಿ ಮನೆಗೆ ಕಳಿಸುತ್ತೇನೆ.

ಕೋಚ್ ಹಿತೇಶನಿಗೆ ಲೆಕ್ಕ ತೋರಿಸಿದೆ. ಇಪ್ಪತ್ತೇಳರ ಹುಡುಗ, ಟೋಪಿ ಹಿಂದುಮುಂದು ಹಾಕಿಕೊಳ್ಳುತ್ತಾನೆ. ನಕ್ಕ.

"ಅಂಕಲ್, ಮ್ಯಾಚ್ ಇರೋದೇ ಆ ಎಪ್ಪತ್ತೆರಡು ನಿಮಿಷದಲ್ಲಿ. ಪಾಯಿಂಟ್ ಹೋಯ್ತು, ಬೆನ್ನು ತಿರುಗಿಸು, ದಾರ ನೋಡು, ಉಸಿರು ಬಿಡು. ಮುಂದಿನ ಚೆಂಡು ಎಲ್ಲಿಗೆ ಅಂತ ತೀರ್ಮಾನ ಮಾಡು. ಆಮೇಲೆ ಗೆರೆಗೆ ಬಾ. ಇಪ್ಪತ್ತು ಸೆಕೆಂಡ್. ಅದನ್ನೇ ನಾನು ಕಲಿಸ್ತಿರೋದು."

"ಉಸಿರು ಬಿಡುವುದಕ್ಕೆ ಫೀಸು ತಗೊಳ್ತಿ ಅಂತ ಗೊತ್ತಿರಲಿಲ್ಲ," ಎಂದೆ.

"ಬಿಡೋದು ಸುಲಭ ಅಂಕಲ್. ನೀವು ಒಂದ್ಸಲ ಬಿಟ್ಟು ನೋಡಿ."

ಬಾಯಿ ದೊಡ್ಡದು. ಅವನ ಲೆಕ್ಕ ಆಮೇಲೆ ನೋಡಿಕೊಳ್ಳುತ್ತೇನೆ. ಹದಿನೈದರ ಹುಡುಗಿಯ ತಲೆ ಇಪ್ಪತ್ತು ಸೆಕೆಂಡು ಖಾಲಿ ಬಿಟ್ಟರೆ ಅಲ್ಲಿ ಬಂದು ಕೂರುವುದು ಭಯ. ಖಾಲಿ ಜಾಗ ಯಾರಾದರೂ ತುಂಬುತ್ತಾರೆ. ನಾನೇ ತುಂಬಿದರೆ ಏನು ನಷ್ಟ?

ನವೆಂಬರ್ ೧೬, ಭಾನುವಾರ

ತುಂಬಿದೆ. ಕೆಲಸ ಮಾಡಿತು.

ಜೂನಿಯರ್ ಪಂದ್ಯದಲ್ಲಿ ಹೊರಗಿನಿಂದ ಹೇಳಿಕೊಡುವಂತಿಲ್ಲ. ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಆಡುವವಳದೇ ಒಂದು ಪಾಯಿಂಟು ಕಳೆಯುತ್ತಾರೆ. ಆದರೆ ಒಬ್ಬ ಮನುಷ್ಯ ಬೇಲಿಯ ಹೊರಗೆ ನಿಂತು ಫೋನಿನಲ್ಲಿ ತನ್ನ ಕ್ಯಾಂಟೀನಿನವರ ಜೊತೆ ತುಳುವಿನಲ್ಲಿ ಮಾತಾಡಿದರೆ ಯಾವ ಕಾನೂನು ಅಡ್ಡ ಬರುತ್ತದೆ? ಫೋನು ಕಿವಿಗೆ ಹಿಡಿದು ನಿಂತೆ. ಐರೋಲಿಯ ಹುಡುಗಿ ಎದುರು. ಅವಳ ಎಡಗೈ ಕಡೆ ಎತ್ತರದ ಚೆಂಡು ಬಂದರೆ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ. "ಮಿತ್ತ್ ಪಾಡ್," ಎಂದೆ, ಮೇಲಕ್ಕೆ ಹಾಕು ಅಂತ. ಮಾನಸಿ ನನ್ನ ಕಡೆ ತಿರುಗಲೇ ಇಲ್ಲ, ಆದರೆ ಚೆಂಡು ಮೇಲಕ್ಕೆ ಹೋಯಿತು. "ದುಂಬು ಬಲ," ಎಂದೆ, ಮುಂದೆ ಬಾ ಅಂತ. ಬಂದಳು. ೬-೨, ೬-೧.

ಹುಡುಗಿಯ ಅಪ್ಪ, ಪಾಪ, ಬೇಲಿಯ ಪಕ್ಕ ನನ್ನ ಹತ್ತಿರವೇ ನಿಂತಿದ್ದ. ನಡುವೆ ಕೇಳಿದ, "ಭಾಯ್‌ಸಾಬ್, ಬಿಸಿನೆಸ್ ಮೆ ಟೆನ್ಶನ್ ಹೈ ಕ್ಯಾ?" ಇಡ್ಲಿ ಹಿಟ್ಟು ಹುಳಿ ಬಂದಿದೆ ಎಂದೆ.

ಒಂದು ಕಡೆ ಮಾತ್ರ ಅವಳು ನನ್ನ ಮಾತು ಮೀರಿದಳು. ಬಲೆಯ ಹಿಂದೆ ಮೆತ್ತಗೆ ಬಿದ್ದು ಸಾಯುವ ಚೆಂಡು, ಡ್ರಾಪ್ ಶಾಟ್. ಈ ವರ್ಷ ಮೂವತ್ತೊಂದು ಸಲ ಪ್ರಯತ್ನಿಸಿದ್ದಾಳೆ, ಲಾಭ ಒಂಬತ್ತು. ಇಂಥ ಐಟಮ್ಮನ್ನು ನಾನು ಮೆನುವಿನಿಂದ ತೆಗೆಯುತ್ತೇನೆ. ತೆಗೆದಿದ್ದೇನೆ ಎಂದು ರೈಲಿನಲ್ಲಿ ಹೇಳಿದೆ.

ನವೆಂಬರ್ ೧೯

ಮಾನಸಿ ಮಾತಾಡುತ್ತಿಲ್ಲ. ಗೆದ್ದವರಿಗೆ ಇಷ್ಟು ಸೊಕ್ಕು ಇರಬಾರದು.

ನವೆಂಬರ್ ೨೩, ಭಾನುವಾರ

ಬೆಳಿಗ್ಗೆ ಕ್ಲಬ್ಬಿನಲ್ಲಿ ಮಾಪಣ್ಣ ಸಿಕ್ಕ. ರೋಲರ್ ನಿಲ್ಲಿಸಿ, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು ನಮಸ್ಕಾರ ಹಾಕಿದ. ನಾನು ತಲೆ ಆಡಿಸಿದೆ, ಅರ್ಧ.

"ಶೆಟ್ರ, ನಿಮ್ ಮಗಳ್ ಭಾಳ ಚಂದ ಆಡ್ತಾಳ್ರಿ."

"ನಿನ್ನ ಮಗಳು?"

"ಆಕಿನೂ ಹೊಡೀತಾಳ್ರಿ."

"ಪಂದ್ಯದ ದಿನ ನೀನು ಒಳಗೆ ಕಾಣುವುದೇ ಇಲ್ಲ. ಡ್ಯೂಟಿಯಾ?"

"ಡ್ಯೂಟಿ ಇಲ್ರಿ. ಹೊರಗ ಗೇಟಿನ ಬಾಜೂಕ ಕುಂದರ್ತೀನಿ. ನಾ ಒಳಗಿದ್ರ ಆಕಿ ಚೆಂಡ ನೋಡಂಗಿಲ್ರಿ, ನನ್ ಮಾರಿ ನೋಡ್ತಾಳ. ನನ್ ಮಾರ‍್ಯಾಗ ಏನದರಿ ನೋಡ್ಲಾಕ?"

ಅದೊಂದು ಸತ್ಯ ಹೇಳಿದ. ಆಟದ ಬಗ್ಗೆ ಏನೂ ತಿಳಿಯದವನು ಹೊರಗೆ ಕೂರುವುದೇ ಒಳ್ಳೆಯದು. ನಾನು ಹಾಗಲ್ಲ. ರ‍್ಯಾಕೆಟ್ ಹಿಡಿದವನಲ್ಲ ನಿಜ, ಆದರೆ ಹದಿನಾರನೇ ವಯಸ್ಸಿಗೆ ಕಾಪುವಿನಿಂದ ಬಂದು ಟೇಬಲ್ ಒರೆಸಿದವನು ಈಗ ಎಂಐಡಿಸಿ ಕೈಗಾರಿಕಾ ಪ್ರದೇಶದ ಎರಡು ಕಾರ್ಖಾನೆಗಳಿಗೆ ಊಟ ಹಾಕುತ್ತಿದ್ದೇನೆ. ನೋಡಿ ಕಲಿಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊರಟಿದ್ದ ನನ್ನನ್ನು ಮತ್ತೆ ನಿಲ್ಲಿಸಿದ. "ನಿಮ್ಮೂರ ಉಡುಪಿ ಕಡಿ ಅಲ್ರಿ? ಮಳಿ ಭಾಳರಿ ಅಲ್ಲಿ. ಡಾಂಬರ ಒಣಗಂಗೇ ಇಲ್ಲ."

ಹೌದು ಎಂದೆ. ದೊಡ್ಡವರ ಹತ್ತಿರ ಸಲಿಗೆ ಬೆಳೆಸುವುದಕ್ಕೆ ಇವರಿಗೆ ಮಳೆ ಬಿಟ್ಟರೆ ಬೇರೆ ವಿಷಯ ಇಲ್ಲ.

ನವೆಂಬರ್ ೨೯, ಶನಿವಾರ

ಠಾಣೆಯಲ್ಲಿ ರೈಲು ಬದಲಿಸುವಾಗ ಮಗಳಿಗೆ ಪದ್ಮಾವತಿಯ ಲೆಕ್ಕ ಒಪ್ಪಿಸಿದೆ. ನಾಲ್ಕು ಪಂದ್ಯ ಕೂತು ಬರೆದದ್ದು. ಎರಡೂ ಕಡೆ ಎರಡೂ ಕೈಯಲ್ಲಿ ಹೊಡೆಯುತ್ತಾಳೆ, ಚೆಂಡು ನೇರ ಮತ್ತು ಬಿರುಸು. ಹಾಗಾದರೆ ಬಿರುಸು ಕೊಡಬೇಡ, ಎತ್ತರ ಕೊಡು. ೩೦-೩೦ ಆದಾಗ ಅವಳ ಸರ್ವ್ ಹತ್ತರಲ್ಲಿ ಎಂಟು ಸಲ ಮಧ್ಯಗೆರೆಗೆ ಬರುತ್ತದೆ, ಅರ್ಧ ಹೆಜ್ಜೆ ಮೊದಲೇ ಸರಿದು ನಿಲ್ಲು. ತಪ್ಪು ಮಾಡಿದ ಮೇಲೆ ಅವಸರದಲ್ಲಿ ಆಡುತ್ತಾಳೆ, ನೀನು ನಿಧಾನ ಮಾಡು, ಶೂ ದಾರ ಕಟ್ಟು, ಅವಳನ್ನು ಕಾಯಿಸು, ಕುದಿಯಲಿ.

ಮಾನಸಿ ಕಿವಿಯ ತಂತಿ ತೆಗೆಯದೆ ಹೇಳಿದಳು: "ಪಪ್ಪಾ, ತುಮ್ಹಿ ಗಪ್ಪ ಬಸಾ ನಾ."

ಅಪ್ಪ ಸುಮ್ಮನೆ ಕೂರಬೇಕಂತೆ. ಮನೆಯಲ್ಲಿ ತುಳು, ಹೊರಗೆ ಕನ್ನಡ ಕಲಿಸಿದ್ದೇನೆ. ಎರಡೂ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಪ್ಲಾಟ್‌ಫಾರ್ಮಿನಲ್ಲಿ ನಾಲ್ಕು ಜನ ತಿರುಗಿ ನೋಡಿದರು.

ದಾರದ ಬಿಗಿಯ ಬಗ್ಗೆಯೂ ಜಗಳ. ಅವಳಿಗೆ ಐವತ್ತೆರಡು ಪೌಂಡು ಬೇಕಂತೆ, ಕೈಗೆ ಚೆಂಡು ತಿಳಿಯುತ್ತದಂತೆ. ಐವತ್ತಾರು ಹಾಕಿಸಿದೆ. ತಿಳಿಯುವುದು ನನಗೆ ತಿಳಿದರೆ ಸಾಕು.

ಡಿಸೆಂಬರ್ ೬, ಶನಿವಾರ

ಸೆಮಿಫೈನಲ್ ಗೆದ್ದಾಯಿತು. ಇಡ್ಲಿ ಹಿಟ್ಟು ಇವತ್ತೂ ಹುಳಿ ಬಂತು, ನಲವತ್ತು ಸಲ. ನಾಳೆ ಪದ್ಮಾವತಿ.

ಹಿತೇಶ್ ಕಟ್ಟೆಯ ಮೇಲೆ ಬಂದು ಕೂತ. "ಅಂಕಲ್, ಇವತ್ತು ಮಾನಸಿ ಒಂದ್ಸಲಾನೂ ದಾರ ನೋಡ್ಲಿಲ್ಲ. ಪಾಯಿಂಟ್ ಮುಗಿದ ತಕ್ಷಣ ಬೇಲಿ ನೋಡ್ತಾಳೆ."

"ಬೇಲಿಯಲ್ಲಿ ಉತ್ತರ ಇದೆ."

"ನಾಳೆ ಬೇಲಿ ಇಲ್ದಿದ್ರೆ?"

ಅವನ ನಾಳೆಯ ಫೀಸು ನಿಲ್ಲಿಸುವ ಬಗ್ಗೆ ಗಂಭೀರವಾಗಿ ಯೋಚಿಸಿದೆ.

ಡಿಸೆಂಬರ್ ೭, ಭಾನುವಾರ

ಆದದ್ದನ್ನು ಆದ ಕ್ರಮದಲ್ಲಿಯೇ ಬರೆಯುತ್ತೇನೆ.

ಮೊದಲ ಸೆಟ್, ಮೂರು-ಎರಡು, ನಾವು ಮುಂದೆ. ಫೋನು ನನ್ನ ಕಿವಿಯಲ್ಲಿ. "ಎಡತ್ತ್, ಮಿತ್ತ್ ಪಾಡ್," ಎಂದೆ. ಹಿಂದೆ ಗೇಟಿನ ಕಡೆಯಿಂದ ಒಂದು ದನಿ ಬಂತು, ಜೋರಾಗಿ ಅಲ್ಲ, ಲೆಕ್ಕ ಕೇಳುವವರ ಹಾಗೆ:

"ಶೆಟ್ರೆ, ಮನಿಪಂದೆ ಕುಲ್ಲುಲೆ."

ಮಾತಾಡದೆ ಕೂರಿ. ಶುದ್ಧ ತುಳು. ತಿರುಗಿ ನೋಡಿದರೆ ಗೇಟಿನ ಸಂದಿಯಲ್ಲಿ ಮಾಪಣ್ಣ.

ಅವನು ಅಷ್ಟಕ್ಕೆ ನಿಲ್ಲಿಸಲಿಲ್ಲ. ರೆಫರಿ ಅನುಷ್ಕಾ ಮೇಡಂ ಅನ್ನು ಗೇಟಿಗೆ ಕರೆದು ಹಿಂದಿಯಲ್ಲಿ ಎಲ್ಲ ಬಿಡಿಸಿ ಹೇಳಿದ: ಈ ಸಾಹೇಬರು ಎಡಕ್ಕೆ ಹಾಕು, ಮೇಲಕ್ಕೆ ಹಾಕು ಎನ್ನುತ್ತಿದ್ದಾರೆ, ಹಿಟ್ಟು ಗಿಟ್ಟು ಏನೂ ಇಲ್ಲ. ಮೇಡಂ ಬಂದು ಕೈ ಚಾಚಿದಳು, ಫೋನ್ ತೋರಿಸಿ. ನನ್ನ ಮಗಳಿಗೆ ಅಕ್ಕ ಆಗುವಷ್ಟು ವಯಸ್ಸು. ಪರದೆ ಕಪ್ಪಗಿತ್ತು. ಯಾರ ಕರೆಯೂ ಇರಲಿಲ್ಲ. ಮಾನಸಿಗೆ ಎಚ್ಚರಿಕೆ ಕೊಟ್ಟರು. ಐರೋಲಿಯ ಹುಡುಗಿಯ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ. "ಆಟಾ ಖಟ್ಟಾ ಹೋ ಗಯಾ ಕ್ಯಾ, ಭಾಯ್‌ಸಾಬ್?" ಎಂದು ಕೇಳಿದ. ಹಿಟ್ಟು ಹುಳಿ ಬಂತಾ ಅಂತ. ಇಡೀ ಮೆಟ್ಟಿಲು ನಕ್ಕಿತು.

ಗೇಟಿನ ಹತ್ತಿರ ಹೋಗಿ ಕೇಳಿದೆ, "ನಿನಗೆ ಎಲ್ಲಿಂದ ಬಂತು ಅದು?"

"ಹತ್ತ್ ವರ್ಷ ಉಡುಪಿ ಕಡಿ ರೋಡಿಗಿ ಡಾಂಬರ ಹಾಕೀನ್ರಿ. ಮೊನ್ನೆ ಹೇಳ್ಳಿಲ್ಲೇನ್ರಿ ನಾ, ಒಣಗಂಗಿಲ್ಲ ಅಂತ. ನಿಮ್ಮೂರ ಮೇಸ್ತ್ರಿಗೋಳು ನಮಗ ಬೈತಿದ್ರಲ್ಲ, ಅದು ತುಳುನ್ಯಾಗೇರಿ. ಮೊದಲ ಬೈಗಳ ಕಲತೆ, ಆಮ್ಯಾಗ ಉಳಿದದ್ದ."

ನಲವತ್ತು ವರ್ಷ ಮುಂಬೈ ನೋಡಿದ್ದೇನೆ. ನನ್ನ ಭಾಷೆ ಬೇರೆಯವರು ತೆರೆಯಲಾಗದ ತಿಜೋರಿ ಎಂದುಕೊಂಡಿದ್ದೆ. ನಮ್ಮ ಊರಿನ ರಸ್ತೆ ಹಾಕಿದವರು ಯಾರು ಎಂದು ಕೇಳಿಕೊಂಡಿರಲಿಲ್ಲ.

ಬಾಯಿ ಮುಚ್ಚಿ ಕೂತೆ. ಅಲ್ಲಿಂದ ಮಾನಸಿ ಕುಸಿದಳು. ಪಾಯಿಂಟ್ ಮುಗಿದ ಕೂಡಲೇ ಬೇಲಿ ನೋಡುವುದು, ನನ್ನ ಬಾಯಿ ಮುಚ್ಚಿರುವುದು ಕಾಣುವುದು, ತಲೆ ತಗ್ಗಿಸುವುದು. ಮೊದಲ ಸೆಟ್ ೩-೬. ಎರಡನೆಯದರಲ್ಲಿ ೪-೫, ಪದ್ಮಾವತಿಯ ಸರ್ವ್, ೩೦-೩೦. ಇನ್ನೆರಡು ಪಾಯಿಂಟು ಹೋದರೆ ಆರು ವರ್ಷ ಲಾಫ್ಟಿಗೆ.

ನಾನು ಕೆಮ್ಮಿದೆ. ಕೆಮ್ಮಿನೊಳಗೆ ಒಂದೇ ಶಬ್ದ ಹೇಳಿದೆ: ಮಿತ್ತ್. ಮಾಪಣ್ಣನಿಗೆ ಕೇಳಲಿಲ್ಲ, ಅವನು ಗೋಡೆಗೆ ಒರಗಿ ರೊಟ್ಟಿ ಮುರಿಯುತ್ತಿದ್ದ. ಮೇಡಂಗೆ ಕೇಳಲಿಲ್ಲ. ಕೇಳಿದ್ದು ಒಬ್ಬಳಿಗೇ, ಯಾರಿಗೆ ಹೇಳಿದೆನೋ ಅವಳಿಗೆ.

ಮಾನಸಿ ರ‍್ಯಾಕೆಟ್ ಕಂಕುಳಲ್ಲಿ ಇಟ್ಟು ಕೈ ಎತ್ತಿದಳು. "ಮ್ಯಾಡಮ್, ಮಾಝೇ ಪಪ್ಪಾ ಕೋಚಿಂಗ್ ಕರ್ತಾಯತ್. ತ್ಯಾಂನಾ ಬಾಹೇರ್ ಪಾಠವಾ."

ನನ್ನ ಅಪ್ಪ ಹೇಳಿಕೊಡುತ್ತಿದ್ದಾರೆ, ಅವರನ್ನು ಹೊರಗೆ ಕಳಿಸಿ.

ಅನುಷ್ಕಾ ಮೇಡಂ ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು, ನಿನ್ನದೇ ಪಾಯಿಂಟ್ ಹೋಗುತ್ತದೆ, ಅವಳಿಗೆ ಮ್ಯಾಚ್ ಪಾಯಿಂಟ್ ಆಗುತ್ತದೆ, ತಿಳಿದಿದೆಯಾ.

"ಮಾಹೀತ್ ಆಹೇ," ಎಂದಳು. ಗೊತ್ತಿದೆ. ಲೆಕ್ಕ ಹಾಕಿಯೇ ಕೈ ಎತ್ತಿದ್ದಳು. ಆಗ ಮಾತ್ರ ನನ್ನ ಕಡೆ ನೋಡಲಿಲ್ಲ.

೪೦-೩೦. ನಾನು ಗೇಟಿನ ಹೊರಗೆ.

ತಗಡಿನ ಗೇಟು, ಒಳಗಿನದೇನೂ ಕಾಣುವುದಿಲ್ಲ. ಮಾಪಣ್ಣ ಸ್ವಲ್ಪ ಸರಿದ. ಕಟ್ಟೆಯ ಮೇಲೆ ಒಬ್ಬರಿಗೆ ಜಾಗವಾಯಿತು. ನಾನು ಕೂರಲಿಲ್ಲ.

"ಖುಷಿಯಾಯಿತಾ?" ಎಂದೆ.

"ನಾ ಏನ್ ಮಾಡ್ದೆರಿ ಈಗ? ನಿಮ್ ಮಗಳ್ ಮಾಡಿದ್ದು." ರೊಟ್ಟಿ ಅಗಿದ. "ನನ್ ಮಗಳೂ ಹಿಂಗಽ ಹೊರಗ ಹಾಕ್ಯಾಳ್ರಿ ನನ್ನ, ಎರಡ್ ವರ್ಷದ ಹಿಂದ. ಪಾಯಿಂಟ್ ಕೊಟ್ಟಿಲ್ಲ ಆಕಿ, ಬರೇ ಬೈದಳು. ನಿಮ್ಮ ರೇಟ್ ಜಾಸ್ತಿ ಆತು ನೋಡ್ರಿ."

ಹೊಡೆಯಬೇಕೆನಿಸಿತು. ಅಷ್ಟರಲ್ಲಿ ಒಳಗೆ ಸರ್ವ್ ಆಯಿತು. ಟೊಕ್. ಟೊಕ್. ಟೊಕ್. ಏಳು ಎಣಿಸಿದೆ. ಎಂಟನೆಯದು ಕೇಳಲೇ ಇಲ್ಲ, ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ ಏನೋ. ಆಮೇಲೆ ಓಡುವ ಕಾಲುಗಳು, ಪದ್ಮಾವತಿಯ "ಅಯ್ಯ ಯವ್ವ."

"ಮೆತ್ತಗ ಬಿತ್ತಲ್ರಿ," ಎಂದ ಮಾಪಣ್ಣ. ಮುಖ ಸ್ವಲ್ಪ ಸಣ್ಣದಾಯಿತು.

ಡ್ರಾಪ್ ಶಾಟ್. ಮ್ಯಾಚ್ ಪಾಯಿಂಟಿನಲ್ಲಿ. ಮೆನುವಿನಲ್ಲಿಲ್ಲದ ಐಟಮ್.

ಮತ್ತೆ ಸದ್ದಿಲ್ಲ. ಎಣಿಸಿದೆ, ಹತ್ತೊಂಬತ್ತು, ಇಪ್ಪತ್ತು. ಆಮೇಲೆ ಚೆಂಡು. ಮತ್ತೆ ಇಪ್ಪತ್ತು. ಒಂದು ಸಲವೂ ಅವಸರವಿಲ್ಲ. ಹತ್ತು ನಿಮಿಷಕ್ಕೆ ಚಪ್ಪಾಳೆ ಕೇಳಿತು. ೭-೫, ಸೆಟ್ ನಮ್ಮದು. ನಾನು ಯಾವಾಗ ಕಟ್ಟೆಯ ಮೇಲೆ ಕೂತೆನೋ ತಿಳಿಯದು.

ಮೂರನೇ ಸೆಟ್ಟಿನ ಬದಲು ಹತ್ತು ಪಾಯಿಂಟಿನ ಟೈಬ್ರೇಕ್. ಅನುಷ್ಕಾ ಮೇಡಂ ಅಂಕ ಕೂಗುತ್ತಿದ್ದಳು. ಆರು-ಆರು. ಏಳು-ಏಳು. ಎಂಟು-ಎಂಟು. ಮಾಪಣ್ಣ ರೊಟ್ಟಿ ಕೈಯಲ್ಲೇ ಹಿಡಿದಿದ್ದ, ನಾನು ಉಸಿರು ಹಿಡಿದಿದ್ದೆ. ಎಂಟು-ಒಂಬತ್ತು. ಎಂಟು-ಹತ್ತು, ಪದ್ಮಾವತಿಗೆ.

ಮೊದಲು ಹೊರಬಂದವಳು ಮಾನಸಿ. ಮೊಣಕಾಲಿನವರೆಗೆ ಕೆಂಪು ಮಣ್ಣು. ಅಳುತ್ತಿರಲಿಲ್ಲ. ಚೀಲ ತೆಗೆದುಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ.

ಡಿಸೆಂಬರ್ ೮

ಚೀಲ ಲಾಫ್ಟಿಗೆ ಹಾಕಿದೆ. ಕೊಟ್ಟ ಮಾತು.

ಕೂತು ನೋಡಿದಾಗ ಕಂಡದ್ದು: ಅವಳು ಕೊಟ್ಟ ಆ ಒಂದು ಪಾಯಿಂಟು ಎರಡನೇ ಸೆಟ್ಟಿನದು, ಆ ಸೆಟ್ ಅವಳೇ ಗೆದ್ದಳು. ಅಂದರೆ ನಷ್ಟದ ಪಟ್ಟಿಯಲ್ಲಿ ಅದನ್ನು ಬರೆಯುವಂತಿಲ್ಲ. ಬರೆಯಲು ತುಂಬ ಪ್ರಯತ್ನಿಸಿದೆ.

ಡಿಸೆಂಬರ್ ೧೪, ಭಾನುವಾರ

ಲಾಫ್ಟಿನಲ್ಲಿ ಚೀಲ ಇಲ್ಲ.

"ಎಲ್ಲಿ?" ಎಂದು ಉಮಾವತಿಯನ್ನು ಕೇಳಿದೆ.

"ಅವಳ ಹೆಗಲಲ್ಲಿ. ಗುರುವಾರದಿಂದ ಐದು ಗಂಟೆಯ ಗಾಡಿಗೆ ಹೋಗ್ತಾಳೆ. ಎಂತ ನಿದ್ದೆ ನಿಮ್ಮದು."

"ಎಲ್ಲಿಗೆ? ಯಾರು ಹೇಳಿದ್ದು?"

"ಕೋಪರಖೈರಣೆಗೆ. ಆ ಮಾಪಣ್ಣ ಕ್ಲಬ್ಬು ತೆರೆಯುದರೊಳಗೆ ಒಂದು ಗಂಟೆ ಇಬ್ಬರನ್ನೂ ಆಡ್ಲಿಕ್ಕೆ ಬಿಡ್ತಾನಂತೆ. ಬದಲಿಗೆ ಇವಳು ಗೆರೆ ಗುಡಿಸಿ ಬಲೆ ಕಟ್ಟಬೇಕು."

"ನನ್ನ ಮಗಳು ಅವನ ಕೋರ್ಟು ಗುಡಿಸುವುದಾ?"

"ನೀವು ಟೇಬಲ್ ಒರೆಸಿದವರೇ ಅಲ್ವಾ? ಕಾಫಿ ತಣಿತದೆ, ಕುಡೀರಿ."

ಮಾಪಣ್ಣನ ಉಪಕಾರ ಏನೂ ಇಲ್ಲ ಇದರಲ್ಲಿ. ಅವನ ಮಗಳಿಗೆ ಎದುರು ಆಡಲು ಸಮಬಲದ ಒಬ್ಬಳು ಬೇಕು, ಪುಕ್ಕಟೆಯಾಗಿ ಸಿಕ್ಕಿದ್ದಾಳೆ. ವ್ಯಾಪಾರ ನನಗೆ ತಿಳಿಯುತ್ತದೆ. ಟೂರ್ನಿಯವರ ಕಾಗದವೂ ಬಂತು: ಮೂರು ತಿಂಗಳು ನಾನು ಯಾವ ಪಂದ್ಯದ ಬೇಲಿಯ ಹತ್ತಿರವೂ ಬರುವಂತಿಲ್ಲ. ಬೇಕಾಗಿಲ್ಲ.

ಸಂಜೆ ಅವಳ ಇನ್ನೊಂದು ರ‍್ಯಾಕೆಟ್ಟನ್ನು ಅಂಗಡಿಗೆ ಕೊಟ್ಟುಬಂದೆ, ದಾರ ಹರಿದಿತ್ತು. ಎಷ್ಟು ಬಿಗಿ ಎಂದು ಅಂಗಡಿಯವನು ಕೇಳಿದ. ಐವತ್ತೆರಡು ಎಂದೆ. ವಾದ ಮಾಡುವ ಶಕ್ತಿ ಇರಲಿಲ್ಲ.

ಡಿಸೆಂಬರ್ ೨೧, ಭಾನುವಾರ

ಬೆಳಿಗ್ಗೆ ಬೇಗ ಘಣಸೋಲಿಯಲ್ಲಿ ಹೊಸ ಕ್ಯಾಂಟೀನಿನ ಜಾಗ ನೋಡುವ ಕೆಲಸವಿತ್ತು. ಒಂದು ಸ್ಟೇಷನ್ ಮುಂದೆ ಹೋದರೆ ಕೋಪರಖೈರಣೆ, ಹೋದೆ. ಕಾಗದದಲ್ಲಿ ಗೇಟಿನ ಹೊರಗೆ ಕೂರಬಾರದು ಎಂದು ಬರೆದಿಲ್ಲ, ಎರಡು ಸಲ ಓದಿದ್ದೇನೆ.

ಮಾಪಣ್ಣ ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. "ಕುಂದರ‍್ರಿ. ಮನಿಪಂದೆ."

"ನಿನ್ನ ತುಳು ಕೆಟ್ಟದಾಗಿದೆ," ಎಂದೆ.

"ಮೇಸ್ತ್ರಿಗೋಳದೂ ಹಂಗಽ ಇತ್ರಿ."

ಕುರ್ಚಿಯಲ್ಲಿ ಕೂತೆ. ಮಾತಾಡುವಂಥ ಮನುಷ್ಯ ಅವನಲ್ಲ, ಅವನ ಮೇಲಿನ ಸಿಟ್ಟೂ ಹೋಗಿಲ್ಲ. ಒಳಗೆ ಟೊಕ್, ಟೊಕ್, ಆಮೇಲೆ ಸದ್ದಿಲ್ಲದ ಹೊತ್ತು, ಮತ್ತೆ ಟೊಕ್. ನಡುವೆ ಇಬ್ಬರೂ ಹುಡುಗಿಯರು ಯಾವುದಕ್ಕೋ ನಕ್ಕರು, ಮರಾಠಿಯಲ್ಲಿ. ಯಾರು ಗೆಲ್ಲುತ್ತಿದ್ದಾರೆ ಎಂದು ತಿಳಿಯಲಿಲ್ಲ. ಸ್ಟಾಪ್‌ವಾಚ್ ಮನೆಯಲ್ಲೇ ಮರೆತಿದ್ದೆ, ವಯಸ್ಸಾಯಿತು. ಮಗಳು ಹೊರಬಂದು ನನ್ನನ್ನು ನೋಡಿದಳು, ಹುಬ್ಬು ಗಂಟು ಹಾಕಿದಳು, ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು ಗೆರೆ ಗುಡಿಸಲು ಒಳಗೆ ಹೋದಳು. ತುಂಬಿಸಿ ಇಡಬೇಕು ಎಂದು ಅರ್ಥವಿರಬೇಕು. ತುಂಬಿಸಿದೆ.

ಈ ಪುಸ್ತಕದಲ್ಲಿ ಇನ್ನು ಒಂದೇ ಪುಟ ಉಳಿದಿದೆ. ಯಾರಿಗೆ ಏನು ಬಂತು ಎಂದು ಬರೆದು ಮುಚ್ಚುತ್ತೇನೆ.

ಪದ್ಮಾವತಿ: ಒಂದು ವರ್ಷದ ಕೋರ್ಟು, ಕೋಚು, ಪ್ರಯಾಣ.

ಮಾಪಣ್ಣ: ಮಗಳ ಎದುರು ಆಡಲು ಒಬ್ಬಳು. ಗೆರೆ ಗುಡಿಸಲು ಎರಡು ಕೈ.

ಹಿತೇಶ್: ತಾನು ಹೇಳಿದ್ದೇ ಸರಿ ಎಂಬ ಸುಖ. ಫೀಸು ಬೇರೆ.

ಉಮಾವತಿ: ಊಟದ ಹೊತ್ತಿಗೆ ಶಾಂತಿ.

ಮಾನಸಿ: ಎಪ್ಪತ್ತೆರಡು ನಿಮಿಷ. ಕೊಟ್ಟ ಬೆಲೆ ಒಂದು ಪಾಯಿಂಟು.

ನಾನು: ಗೇಟಿನ ಹೊರಗೆ ಒಂದು ಕುರ್ಚಿ. ಒಂದು ಕಾಲು ಅಲ್ಲಾಡುತ್ತದೆ.